ತೊಗಲಿನ ಸೀಟು

ಮೊದಲೇ ಒಂದು ಮಾತು. ಈ ಬರಹದಲ್ಲಿ 'ನಾನು' ಬರುವುದಿಲ್ಲ. ದೊಡ್ಡಸ್ತಿಕೆಗೆ ನಾವು ನಾವು ಅಂದುಕೊಳ್ಳುತ್ತಿಲ್ಲ. ಅದು ಅರಸರ, ಮಠದ ಸ್ವಾಮಿಗಳ ಚಾಳಿ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದ್ದು ಒಂದೇ ಜೀವ. ಆ ಒಂದು ಜೀವದ ಫೀಜಿನಲ್ಲಿ ಅಪ್ಪನ ರಾತ್ರಿ ಪಾಳಿಯ ದುಡ್ಡು, ಅವ್ವನ ಕಳೆ ತೆಗೆದ ಕೂಲಿ, ಏಳನೇ ಕ್ಲಾಸಿಗೇ ನಿಂತುಹೋದ ಅಕ್ಕನ ಶಾಲೆ, ಎಲ್ಲ ಸೇರಿವೆ. ಹಾಗಾಗಿ ಓದಿದ್ದು ನಾವು. ಬರೆಯುತ್ತಿರುವುದೂ ನಾವು.

ಬರೆಯಬೇಕಾಗಿರುವುದು ಒಂದು ಕಾರಿನ ವಿಷಯ. ಕೇರಿಯವರಿಗೂ ಓಟದ ಕಾರಿಗೂ ಏನು ಸಂಬಂಧ ಎಂದು ಗೆಳೆಯರು ಕೇಳಬಹುದು. ಸಂಬಂಧ ಇದೆ. ತೊಗಲಿನ ಸಂಬಂಧ.

ನಮ್ಮಪ್ಪ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂವತ್ತೈದು ವರ್ಷ ಕಾರಿನ ಸೀಟು ಹೊಲಿದವನು. ಕಾರಿನ ಸಾಮಾನು ಎಂದರೆ ಜೆ.ಸಿ. ರಸ್ತೆ ಎನ್ನುವುದು ಬೆಂಗಳೂರಿನವರಿಗೆಲ್ಲ ಗೊತ್ತು. ಅಲ್ಲಿ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿಕೊಂಡು, ಅಳತೆ ತೆಗೆದು, ಸಂಜೆಯೊಳಗೆ ರೆಕ್ಸಿನ್ ಹಾಕಿ ಕಳಿಸುತ್ತಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅಂಗಡಿ ಬಾಗಿಲು ಎಳೆದುಕೊಂಡಿತು. ಮತ್ತೆ ತೆರೆದಾಗ ಅಪ್ಪನ ಜಾಗದಲ್ಲಿ ಅರ್ಧ ಸಂಬಳದ ಹುಡುಗ ಕೂತಿದ್ದ. ಅಪ್ಪ ತುಮಕೂರು ಸೀಮೆಯ ನಮ್ಮೂರಿಗೆ ಬಂದು ಬೇವಿನ ಮರದ ಕೆಳಗೆ ಸುಮ್ಮನೆ ಕೂರುವುದನ್ನು ಕಲಿತ.

2022ರಲ್ಲಿ ಒಂದು ದಿನ ಫೋನು ಬಂತು. ಹಳೆಯ ಗಿರಾಕಿಯೊಬ್ಬರು. ಅವರ ತಾತನಿಗೆ ಕಾಫಿ ತೋಟವಿತ್ತಂತೆ. ಆ ತಾತ ಕೊಂಡಿದ್ದ 1949ರ ಎಂ.ಜಿ. ಕಾರು ತೋಟದ ಗೋಡೌನಿನಲ್ಲಿ ಐವತ್ತು ವರ್ಷ ಮಲಗಿತ್ತಂತೆ. ಈಗ ಬೆಂಗಳೂರಿನ ಮನೆಯ ಷೆಡ್ಡಿಗೆ ತಂದಿದ್ದಾರೆ. "ನಾನೂ ನನ್ನ ಮಗಾನೂ ಸೇರ್ಕೊಂಡು ರಿಪೇರಿ ಮಾಡ್ತಿದೀವಿ ಕಣಪ್ಪ. ಅಪ್ಪ ಮಗನ ಪ್ರಾಜೆಕ್ಟು. ಸೀಟು ಮಾತ್ರ ನಮ್ಮ ಕೈಲಾಗಲ್ಲ. ಒರಿಜಿನಲ್ ಲೆದರೇ ಆಗ್ಬೇಕು. ನೀನು ಮಾಡ್ತೀಯಾ?"

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ನಮ್ ಹುಡುಗರ್ನ ಕರ್ಕೊಂಡು ಬತ್ತೀನಿ ಸಾರ್" ಅಂದ.

ಹೀಗೆ ಆ ಷೆಡ್ಡಿನಲ್ಲಿ ಅಪ್ಪ ಮಕ್ಕಳ ಜೋಡಿ ಎರಡಾಯಿತು. ಇದು ಎರಡನೆಯ ಜೋಡಿಯ ಕತೆ.

ಅಪ್ಪ ಯಾಕೆ ಅಷ್ಟು ಹೊತ್ತು ಸುಮ್ಮನಿದ್ದ ಎಂದು ಹೇಳದೆ ಮುಂದೆ ಹೋಗುವಂತಿಲ್ಲ.

ನಮ್ಮ ತಾತ ತೊಗಲು ಹದ ಮಾಡುತ್ತಿದ್ದ. ಊರಲ್ಲಿ ದನ ಸತ್ತರೆ ಕೇರಿಗೆ ಕೂಗು ಬರುತ್ತಿತ್ತು. ಹೊತ್ತು ತರಬೇಕು, ಸುಲಿಯಬೇಕು, ಕೂದಲು ಬಿಡಲು ಸುಣ್ಣದ ಗುಂಡಿಗೆ ಹಾಕಬೇಕು, ಹೆರೆಯಬೇಕು, ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಬೇಕು, ಅಳಲೆಕಾಯಿ ಹಾಕಬೇಕು. ಆ ತೊಗಲಿನಿಂದ ಊರಿಗೆ ಮೆಟ್ಟು, ನೊಗಕ್ಕೆ ಮಿಣಿ, ಕಪಿಲೆಗೆ ಬಾನಿ. ಊರಿನ ತೋಟಕ್ಕೆಲ್ಲ ನೀರು ಎತ್ತಿದ್ದು ನಮ್ಮ ತಾತ ಹೊಲಿದ ಬಾನಿ. ಆದರೆ ಅದೇ ಬಾವಿಯಲ್ಲಿ ತಾತ ಕೈಯಾರೆ ನೀರು ಮುಟ್ಟುವ ಹಾಗಿರಲಿಲ್ಲ. ಕರೆಂಟಿನ ಪಂಪ್‌ಸೆಟ್ಟು ಬಂದ ಮೇಲೆ ಕಪಿಲೆ ಹೋಯಿತು. ರಬ್ಬರು ಚಪ್ಪಲಿ ಬಂದ ಮೇಲೆ ಮೆಟ್ಟು ಹೋಯಿತು. ಸತ್ತ ದನ ಹೊರುವ ಕೂಗು ಮಾತ್ರ ಹೋಗಲಿಲ್ಲ.

ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡದ ಸಭೆಯಲ್ಲಿ ಸತ್ತ ದನದ ಮಾಂಸ ಬಿಡಿ ಅಂದರು. ಆ ಮಾತು ನಮ್ಮ ಕೇರಿಗೆ ನಡೆದು ಬರುವುದಕ್ಕೆ ಐವತ್ತೇಳು ವರ್ಷ ಹಿಡಿಯಿತು. 1984ರಲ್ಲಿ ಕೇರಿಯ ಹುಡುಗರು ಸಂಜೆ ಮಾರಿಗುಡಿಯ ಹಿಂದೆ ಸೇರಿ, ಇನ್ನು ದನ ಹೊರುವುದಿಲ್ಲ ಎಂದು ಆಣೆ ಮಾಡಿದರು. ಅವರಲ್ಲಿ ಹದಿನೆಂಟು ವರ್ಷದ ನಮ್ಮಪ್ಪನೂ ಇದ್ದ. ಮಾರನೆಯ ವಾರವೇ ಒಂದು ಎಮ್ಮೆ ಸತ್ತಿತು. ಯಾರೂ ಹೋಗಲಿಲ್ಲ. ಊರವರು ಕೂಲಿ ನಿಲ್ಲಿಸಿದರು, ಅಂಗಡಿಯಲ್ಲಿ ಸೀಮೆಎಣ್ಣೆ ನಿಲ್ಲಿಸಿದರು. ತಾತ ಅಪ್ಪನಿಗೆ ಬೈದ: "ನೀವೇನೋ ಆಣೆ ಮಾಡುದ್ರಿ. ಹೊಟ್ಟೆ ಆಣೆ ಮಾಡೈತಾ?" ಅಪ್ಪ ಆ ರಾತ್ರಿ ತಾತನ ಉಳಿ, ರಂಪಿಗೆ, ದಬ್ಬಣ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದು ಬೆಂಗಳೂರಿನ ಬಸ್ಸು ಹತ್ತಿದ. ಅಲ್ಲಿ ಸಿಕ್ಕ ಕೆಲಸ ನೋಡಿ: ಸೀಟು ಹೊಲಿಯುವುದು. ಆದರೆ ತೊಗಲಲ್ಲ, ರೆಕ್ಸಿನ್. ಬಟ್ಟೆಗೆ ಪ್ಲಾಸ್ಟಿಕ್ ಬಳಿದು ತೊಗಲಿನ ವೇಷ ಹಾಕಿದ ಮಾಲು. ಮೂವತ್ತೈದು ವರ್ಷ ಅಪ್ಪ ತನಗೆ ತೊಗಲಿನ ಕೆಲಸ ಬರುತ್ತದೆ ಎಂದು ಮಾಲೀಕನಿಗೆ ಹೇಳಲಿಲ್ಲ. ಹೇಳಿದರೆ ಜಾತಿ ಹೇಳಿದ ಹಾಗೆ.

ನಾವು ಹಾಸ್ಟೆಲ್ಲಿನಲ್ಲಿ ಓದುವಾಗ ತಾತನ ಮೇಲೆ ಪದ್ಯ ಬರೆದಿದ್ದೆವು. ತಂಗಡಿ ಹೂವು, ತೊಗಲಿನ ಹದ, ತಾತನ ಬೆರಳು ಇಂಥದ್ದೆಲ್ಲ ಇತ್ತು. ಕಾಲೇಜಿನ ಕವಿಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು. ಊರಿಗೆ ಬಂದು ಅಪ್ಪನಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ ಅಪ್ಪ ಅಂದದ್ದು ಒಂದೇ ಮಾತು: "ಚೆನ್ನಾಗೈತೆ. ನಾತ ಒಂದು ಬರ್ನಿಲ್ಲ."

ಆ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಸುಣ್ಣದ ಗುಂಡಿಯ ನಾತ ನಾವು ಕುಡಿದವರಲ್ಲ. ಕುಡಿದವರು ಅದನ್ನು ಬಿಟ್ಟು ಓಡಿದ್ದಕ್ಕೇ ನಾವು ಪದ್ಯ ಬರೆಯುವಂತಾದೆವು. ಬಿಟ್ಟುಬಂದದ್ದನ್ನು ಹೊಗಳುವ ಹಕ್ಕು ಯಾರದು?

ಈ ಪ್ರಶ್ನೆ ಹೊತ್ತುಕೊಂಡೇ ಅಟ್ಟದಿಂದ ಗೋಣಿಚೀಲ ಇಳಿಸಿದೆವು. ರಂಪಿಗೆ ತುಕ್ಕು ಹಿಡಿದಿತ್ತು. ಅಪ್ಪ ಎರಡು ದಿನ ಕಲ್ಲಿಗೆ ಮಸೆದ.

ಕಾರನ್ನು ಮೊದಲು ನೋಡಿದಾಗ ನಗು ಬಂತು. ಅಷ್ಟು ಸಣ್ಣದು. ಎಂ.ಜಿ. ಟಿ.ಸಿ. ಎಂದು ಅದರ ಹೆಸರು. 1945ರಿಂದ 1949ರವರೆಗೆ ಸುಮಾರು 10,000 ಕಾರು ಮಾಡಿದರಂತೆ. 1,250 ಸಿ.ಸಿ.ಯ ಎಂಜಿನ್ನು, 54 ಕುದುರೆ ಬಲ, ಎರಡು ಕಾರ್ಬ್ಯುರೇಟರ್, ಸೈಕಲ್ಲಿನ ಹಾಗೆ ಕಡ್ಡಿಯ ಚಕ್ರ. ಮೈಯ ತಗಡಿನ ಒಳಗೆ ಮರದ ಚೌಕಟ್ಟು. ಆ ಮರವನ್ನು ಗೋಡೌನಿನಲ್ಲಿ ಗೆದ್ದಲು ತಿಂದಿತ್ತು. ಬಡಗಿಯೊಬ್ಬರು ಒಂದೊಂದೇ ತುಂಡು ಅಳತೆ ಹಿಡಿದು ಹೊಸದು ಕೂಡಿಸುತ್ತಿದ್ದರು.

ಮಾಲೀಕರ ಮಗ ಎಂಜಿನಿಯರಿಂಗ್ ಓದಿದ ಹುಡುಗ. ಒಳ್ಳೆಯವನು. ಅಪ್ಪನನ್ನು ಅಂಕಲ್ ಎಂದು ಕರೆಯುತ್ತಿದ್ದ. ಒಂದು ದಿನ ಎಂಜಿನ್ನಿನ ಒಂದು ಬೋಲ್ಟು ನಮ್ಮ ಕೈಗಿಟ್ಟು ವಿವರಿಸಿದ. ಅದರ ತಲೆ ಇಂಗ್ಲಿಷ್ ಅಳತೆ, ವಿಟ್ವರ್ತ್ ಸ್ಪ್ಯಾನರೇ ಬೇಕು. ಆದರೆ ಒಳಗಿನ ಮರೆ ಮೆಟ್ರಿಕ್. ಯಾಕೆಂದರೆ ಫ್ರಾನ್ಸಿನ ಹಾಚ್‌ಕಿಸ್ ಎಂಬ ಬಂದೂಕಿನ ಕಂಪನಿ ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕವೆಂಟ್ರಿಗೆ ಬಂದು ಕಾರ್ಖಾನೆ ಹಾಕಿತ್ತು. 1923ರಲ್ಲಿ ಮಾರಿಸ್ ಎಂಬಾತ ಅದನ್ನು ಕೊಂಡುಕೊಂಡ. ಮೆಷೀನುಗಳು ಫ್ರೆಂಚ್ ಅಳತೆಯವು, ಇಂಗ್ಲಿಷ್ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದದ್ದು ಇಂಗ್ಲಿಷ್ ಸ್ಪ್ಯಾನರು. ಹಾಗಾಗಿ ಮೇಲೊಂದು ಅಳತೆ, ಒಳಗೊಂದು ಅಳತೆ. ಗೊತ್ತಿಲ್ಲದವನು ಅಂಗಡಿಯ ಇಂಗ್ಲಿಷ್ ನಟ್ಟು ಹಾಕಿ ತಿರುಗಿಸಿದರೆ ಮರೆ ಹರಿದೇ ಹೋಗುತ್ತದೆ.

ನಮಗೆ ಆ ಬೋಲ್ಟು ಚೆನ್ನಾಗಿಯೇ ಅರ್ಥವಾಯಿತು. ನಮ್ಮ ದೇಶವೂ ಅದೇ ತರಹ. ಹೊರಗೆ ಸಂವಿಧಾನದ ತಲೆ, ಒಳಗೆ ಮನುವಿನ ಮರೆ.

ಅದು ಗೊತ್ತಾಗುವುದಕ್ಕೆ ತಡವಾಗಲಿಲ್ಲ. ಮೊದಲ ದಿನ ನಮಗೂ ಬಡಗಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಸಂಜೆ ಮಾಲೀಕರು ಅಪ್ಪನ ಕೈಚಳಕ ನೋಡಿ ಬೆರಗಾಗಿ ಕೇಳಿದರು: "ಅಲ್ಲಯ್ಯಾ, ಜೆ.ಸಿ. ರೋಡಿನವರಿಗೆ ಈ ಕೆಲಸ ಬರಲ್ಲವಲ್ಲ. ಎಲ್ಲಿ ಕಲಿತೆ? ಯಾವೂರು? ಊರಲ್ಲಿ ಯಾರ ಪೈಕಿ?" ಅಪ್ಪ ಸೂಜಿಯಿಂದ ಕಣ್ಣೆತ್ತದೆ ಹೇಳಿದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಹೇಳಿದ. ಮಾರನೆಯ ದಿನ ನಮಗೆ ಕಾಗದದ ಲೋಟ ಬಂತು. "ಕೊರೋನಾ ನೋಡಿ, ಹೈಜೀನ್" ಎಂದರು. ಬಡಗಿಗೆ ಸ್ಟೀಲ್ ಲೋಟವೇ ಮುಂದುವರಿಯಿತು. ಕೊರೋನಾಕ್ಕೂ ನಮ್ಮ ಪೈಕಿ ಯಾರೆಂದು ಗೊತ್ತಿರಬೇಕು.

ಎದ್ದು ಹೋಗೋಣ ಎಂದೆವು. ಅಪ್ಪ ಹೇಳಿದ: "ಓಗಾನ. ಕೆಲ್ಸ ಮುಗುಸಿ ಓಗಾನ. ಅರ್ದಕ್ ಬಿಟ್ರೆ ಕೆಲ್ಸ ಬರ್ನಿಲ್ಲ ಅಂತಾರೆ, ಲೋಟದ್ ವಿಸ್ಯ ಯಾರೂ ಅನ್ನಲ್ಲ." ಆದರೆ ಅವತ್ತಿನಿಂದ ಅಪ್ಪ ಅವರ ಮನೆಯ ಕಾಫಿ ಮುಟ್ಟಲಿಲ್ಲ. ಗೇಟಿನಾಚೆಯ ಟೀ ಅಂಗಡಿಗೆ ಹೋಗಿ, ಗಾಜಿನ ಲೋಟದಲ್ಲಿ ಕುಡಿದು ಬರುತ್ತಿದ್ದ. ನಾವೂ ಹೋದೆವು. ಮೂರನೆಯ ದಿನ ಮಾಲೀಕರ ಮಗನೂ ನಮ್ಮ ಹಿಂದೆ ಬಂದು ಬೆಂಚಿನ ಮೇಲೆ ಕೂತ. ಏನೂ ಮಾತಾಡಲಿಲ್ಲ. ಮೂವರ ಟೀಗೂ ಅವನೇ ದುಡ್ಡು ಕೊಡಲು ಹೋದಾಗ ಅಪ್ಪ ತಡೆದು ತಾನೇ ಕೊಟ್ಟ.

ಇನ್ನು ಕೆಲಸದ ವಿಷಯ.

ಹಳೆಯ ಸೀಟನ್ನು ಬಿಚ್ಚುವುದೇ ದೊಡ್ಡ ಕೆಲಸ. ಹರಿದು ಎಸೆಯುವ ಹಾಗಿಲ್ಲ, ಅದೇ ನಮ್ಮ ಅಳತೆ. ಅಪ್ಪ ಒಂದೊಂದೇ ಮೊಳೆ ಕಿತ್ತು ಡಬ್ಬಿಗೆ ಹಾಕಿದ. ಹೊಲಿಗೆಯನ್ನು ಬ್ಲೇಡಿನಲ್ಲಿ ಒಂದೊಂದೇ ಕೊಯ್ದು ಬಿಡಿಸಿದ. ನಾವು ಒಂದೊಂದು ತುಂಡಿಗೂ ನಂಬರು ಬರೆದೆವು. ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ, ಗೆರೆಗೂ ಗೆರೆಗೂ ಎಷ್ಟು ದೂರ ಎಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡೆವು. ಕೂತು ಒರಗುವ ಕಡೆ ಮಾತ್ರ ತೊಗಲು. ಕಣ್ಣಿಗೆ ಬೀಳದ ಹಿಂಬದಿಗೆ ಆ ಕಾಲದಲ್ಲೇ ಬಟ್ಟೆಯ ತೊಗಲು ಹಾಕಿದ್ದರು. ಅದನ್ನು ನೋಡಿ ಅಪ್ಪನಿಗೆ ಖುಷಿ. "ದೊರೆಗಳೂ ಕಳ್ಳಾಟ ಆಡವ್ರೆ!"

ಆ ಕಾರಿನಲ್ಲಿ ಕೂರುವ ದಿಂಬು ಎರಡು, ಬೇರೆ ಬೇರೆ. ಒರಗುವ ದಿಂಬು ಮಾತ್ರ ಒಂದೇ, ಇಬ್ಬರಿಗೂ ಸೇರಿ. ಕೂರುವುದು ಬೇರೆಯಾದರೂ ಬೆನ್ನು ಒಂದಕ್ಕೇ ತಾಗಬೇಕು.

ಹೊಸ ತೊಗಲು ರಾಣಿಪೇಟೆಯಿಂದ ಬಂತು. ಕಡುಗೆಂಪು ಬಣ್ಣ, ಮೇಲ್ಪದರ ಕೆರೆಯದ ಅಸಲು ಮಾಲು. ತಾತನ ತಂಗಡಿ ತೊಗಟೆಯ ಹದ ಅಲ್ಲ, ಕ್ರೋಮ್ ಉಪ್ಪಿನ ಹದ. ತಾತ ವಾರಗಟ್ಟಲೆ ಮಾಡುತ್ತಿದ್ದುದನ್ನು ಅದು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಅಪ್ಪ ತೊಗಲನ್ನು ಚಾಪೆಯ ಮೇಲೆ ಹಾಸಿ ಅಂಗೈ ಆಡಿಸಿದ. ನಮ್ಮ ಕೈಯನ್ನೂ ಹಿಡಿದು ಆಡಿಸಿದ. "ಇದು ಬೆನ್ನು, ಗಟ್ಟಿ. ಕೂರೋ ಕಡೀಕೆ ಇದುನ್ನೇ ಆಕ್ಬೇಕು. ಇದು ಒಟ್ಟೆ, ಎಳುದ್ರೆ ಎಳೀತೈತೆ, ನಾಳೀಕೆ ಜೋತ್ ಬೀಳ್ತೈತೆ. ಇದು ಕುತ್ಗೆ." ಕುತ್ತಿಗೆಯ ಹತ್ತಿರ ಅಂಗೈಯಗಲ ಒರಟಾಗಿತ್ತು. ಅಪ್ಪನ ಕೈ ಅಲ್ಲಿ ನಿಂತಿತು. "ನೊಗ ಒತ್ತೈತೆ ಮಗಾ. ಎತ್ತು ಇದು." ಅಲ್ಲೇ ಪಕ್ಕದಲ್ಲಿ ಬರೆ ಹಾಕಿದ ಗುರುತು.

ಮಾಲೀಕರು ಆ ಗುರುತು ಕಾಣಬಾರದು ಎಂದರು. ಕಲೆ ಇರುವ ತೊಗಲಿಗೆ ಮಾರುಕಟ್ಟೆಯಲ್ಲೂ ದರ ಕಮ್ಮಿ. ನಮ್ಮ ದೇಶದ ತೊಗಲಿಗೆ ನೊಗದ ಗಾಯ, ಬರೆ, ಮುಳ್ಳಿನ ಗೀರು ಜಾಸ್ತಿ. ದುಡಿದ ಮೈ ಅಲ್ಲವೆ? ದುಡಿದದ್ದಕ್ಕೇ ದರ ಕಮ್ಮಿಯಾಗುವುದು ದನಕ್ಕೊಂದೇ ಅಲ್ಲ.

ಅಂಚು ಮಡಚಿ ಹೊಲಿಯುವ ಕಡೆಯೆಲ್ಲ ತೊಗಲನ್ನು ತೆಳುವಾಗಿ ಹೆರೆಯಬೇಕು. ಇಲ್ಲದಿದ್ದರೆ ಮಡಿಕೆ ದಪ್ಪವಾಗಿ ಉಬ್ಬುತ್ತದೆ. ಅದಕ್ಕೆ ರಂಪಿಗೆಯೇ ಬೇಕು. ಅಪ್ಪ ಒಂದು ಚಪ್ಪಟೆ ಕಲ್ಲು ಇಟ್ಟುಕೊಂಡು, ಹೆಬ್ಬೆರಳಿನಿಂದ ತೊಗಲನ್ನು ಒತ್ತಿ, ರಂಪಿಗೆಯನ್ನು ಮಲಗಿಸಿ ತಳ್ಳಿದ. ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಮೂವತ್ತೆಂಟು ವರ್ಷದ ಹಿಂದೆ ಅಟ್ಟಕ್ಕೆ ಎಸೆದ ಕೆಲಸವನ್ನು ಆ ಕೈ ಮರೆತಿರಲಿಲ್ಲ. ನಾವು ತಳ್ಳಿದಾಗ ತೊಗಲು ತೂತಾಯಿತು, ಬೆರಳೂ ಕುಯ್ಯಿತು. ಅಪ್ಪ ಬೈಯಲಿಲ್ಲ. ಹಾಳಾದ ತುಂಡನ್ನು ಕಲಿಯುವುದಕ್ಕೆಂದೇ ಎತ್ತಿಟ್ಟ. ಒಂದು ವಾರ ಅದೇ ತುಂಡಿನ ಮೇಲೆ ಕಲಿತೆವು. ಗೆರೆ ಎಳೆದು, ಮಿಷಿನ್ನಿನಲ್ಲಿ ಹೊಲಿದು, ಒಂದೊಂದು ಗೆರೆಯ ಕೊಳವೆಗೂ ಕೋಲಿನಲ್ಲಿ ಹತ್ತಿ ತುಂಬಿದೆವು. ಮೂಲೆಗಳಿಗೆ ಮಾತ್ರ ದಬ್ಬಣ, ಜೇನುಮೇಣ ಸವರಿದ ದಾರ.

ರಾತ್ರಿ ಮೊಬೈಲಿನಲ್ಲಿ ಆ ಕಾರಿನ ಚರಿತ್ರೆ ಓದುತ್ತಿದ್ದೆವು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆ ಮಾರಿಸ್ ಆಕ್ಸ್‌ಫರ್ಡಿನಲ್ಲಿ ಅಪ್ಪನ ಮನೆಯಲ್ಲೇ ಸೈಕಲ್ ರಿಪೇರಿ ಮಾಡುತ್ತ ಜೀವನ ಶುರು ಮಾಡಿದವನು. ಲಾರ್ಡ್ ಆಗಿ ಸತ್ತ. ಅಲ್ಲಿ ರಿಪೇರಿಯವನು ಲಾರ್ಡ್ ಆಗಬಹುದಿತ್ತು. ಮುಂದೆ ಓದಿದಾಗ ಎದ್ದು ಕೂತೆವು. 1929ರಲ್ಲಿ ಈ ಕಾರಿನ ಕಾರ್ಖಾನೆ ಆಬಿಂಗ್ಡನ್ ಎಂಬ ಊರಿಗೆ ಹೋಯಿತು. ಹೋಗಿ ಸೇರಿದ್ದು ಪಾವ್ಲೋವಾ ಎಂಬ ತೊಗಲಿನ ಕಾರ್ಖಾನೆಯ ಖಾಲಿ ಬಿದ್ದ ಕಟ್ಟಡಕ್ಕೆ. ಈ ಕಾರು ಹುಟ್ಟಿದ್ದೇ ತೊಗಲಿನವರ ಮನೆಯಲ್ಲಿ!

ಅಷ್ಟೇ ಅಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲು ಮದ್ರಾಸಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಗಳು ಅದನ್ನು 'ಈಸ್ಟ್ ಇಂಡಿಯಾ ಕಿಪ್ಸ್' ಎಂದು ಕರೆದು ಹರಾಜು ಹಾಕುತ್ತಿದ್ದರು. ಊರ ಬಾವಿಗೆ ಬರಬಾರದ ಕೈಯ ಮಾಲು ಏಳು ಸಮುದ್ರ ದಾಟಿ ಹೋಯಿತು. ಮಾಲಿಗೆ ಮಡಿಯಿಲ್ಲ, ಕೈಗೆ ಮಾತ್ರ ಮೈಲಿಗೆ. ಮಾಲಿಗೆ ಕೈಯನ್ನು ಮರೆಸಿ ಕಳಿಸುವುದೇ ವ್ಯಾಪಾರ.

ಇದನ್ನೆಲ್ಲ ಬೆಳಗ್ಗೆ ಅಪ್ಪನಿಗೆ ಹೇಳಿದೆವು. ತಾತನಂಥವರು ದೊಡ್ಡ ಕಲೆಗಾರರು, ಆ ಕಲೆ ಉಳಿಸಬೇಕು, ನಾವು ನಾಚಿಕೆಪಡಬಾರದು ಅಂತೆಲ್ಲ ಭಾಷಣ ಮಾಡಿದೆವು. ಅಪ್ಪ ದಾರಕ್ಕೆ ಮೇಣ ಎಳೆಯುತ್ತ ಕೇಳಿದ: "ಊನಾದಲ್ಲಿ ಒಡುದ್ರಲ್ಲ, ಆ ಹುಡುಗ್ರೂ ಕಲೆಗಾರ್ರೇ ಅಲ್ವಾ?" 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿಯುತ್ತಿದ್ದ ಹುಡುಗರನ್ನು ಕಟ್ಟಿ ಹೊಡೆದದ್ದು ಅಪ್ಪ ಟೀವಿಯಲ್ಲಿ ನೋಡಿದ್ದ. ಆಮೇಲೆ ಅಲ್ಲಿಯ ನಮ್ಮ ಜನ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯ ಮುಂದೆ ಸುರಿದದ್ದನ್ನೂ ನೋಡಿದ್ದ. "ಕೆಲ್ಸ ಕೆಟ್ಟುದ್ದಲ್ಲ ಮಗಾ. ನೀನೇ ಮಾಡ್ಬೇಕು ಅಂತ ಕಟ್ಟಾಕ್ತಾರಲ್ಲ, ಅದು ಕೆಟ್ಟುದ್ದು. ನಾನು ಬಿಟ್ಟಿದ್ದು ತೊಗಲ್ನಲ್ಲ. ಕೂಗಿದ್ ತಕ್ಷಣ ಓಡೋದ್ನ ಬಿಟ್ಟೆ."

ಮೂರು ವರ್ಷ ಕಾಲೇಜಿನಲ್ಲಿ ಓದಿ, ಹತ್ತಾರು ವಿಚಾರ ಸಂಕಿರಣ ಕೇಳಿ, ನಮಗೆ ಸಿಕ್ಕಿರದ ಉತ್ತರ ಇದು. ಈ ಕೆಲಸವನ್ನು ಅಪ್ಪ ಒಪ್ಪಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಈ ಸಲ ಯಾರೂ ಕೂಗಿರಲಿಲ್ಲ. ಕೇಳಿದ್ದರು. ಅಪ್ಪ ದರ ಹೇಳಿದ್ದ.

ಸೀಟು ಕೂಡಿಸಿದ ದಿನ ಇನ್ನೊಂದು ಸಂಗತಿ ನಡೆಯಿತು. ಹೊಸ ತೊಗಲಿನ ಮೇಲೆ ಆಳು ಕೂತು ಭಾರ ಹಾಕಬೇಕು. ಆಗಲೇ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಗೊತ್ತಾಗುವುದು. ಅಪ್ಪ ಕಾಲು ತೊಳೆದುಕೊಂಡು ಬಂದ. ಮಾಲೀಕರು, "ಬೇಡ ಬೇಡ, ನಮ್ಮ ಹುಡುಗ ಕೂತು ನೋಡ್ತಾನೆ ಬಿಡು" ಎಂದರು. ಅಪ್ಪ ಅವರ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಸಾರ್, ಒಲ್ದೋನ್ ಕೂತ್ರೇನೇ ತಪ್ಪು ಗೊತ್ತಾಗೋದು. ಕೂರ್ಬ್ಯಾಡ ಅಂದ್ರೆ ನಾನು ಗ್ಯಾರಂಟಿ ಕೊಡಲ್ಲ." ಗ್ಯಾರಂಟಿ ಎಂಬ ಮಾತಿಗೆ ಮಾಲೀಕರು ಸುಮ್ಮನಾದರು. ಮಗ ಬಾಗಿಲು ತೆರೆದು ಹಿಡಿದ. ಅಪ್ಪ ಸ್ಟೇರಿಂಗಿನ ಮುಂದೆ ಕೂತ. ನಮ್ಮನ್ನು ಕರೆದು ಪಕ್ಕದ ದಿಂಬಿನ ಮೇಲೆ ಕೂರಿಸಿದ. ಎಂಜಿನ್ನು ಇನ್ನೂ ಬೆಂಚಿನ ಮೇಲಿತ್ತು. ಕಾರು ಎಲ್ಲಿಗೂ ಹೋಗುವಂತಿರಲಿಲ್ಲ. ಇಬ್ಬರೂ ಒಂದೇ ಬೆನ್ನುದಿಂಬಿಗೆ ಒರಗಿದೆವು. ಅಪ್ಪ ಎರಡು ಸಲ ಕುಲುಕಿ ನೋಡಿ, "ಎಡಗಡೆ ಮೂಲೇಲಿ ಇನ್ನೊಂದಿಷ್ಟು ಅತ್ತಿ ಬೇಕು" ಎಂದ.

ಆ ಹತ್ತಿ ತುಂಬುವುದಕ್ಕೆ ಬೆನ್ನುದಿಂಬನ್ನು ಮತ್ತೆ ಬಿಚ್ಚಿದೆವು. ಮುಚ್ಚುವ ಮೊದಲು ಅಪ್ಪ ತೊಗಲನ್ನು ಮಗುಚಿ ಒಳಮೈ ತೋರಿಸಿದ. ಮಾಲೀಕರು ಬೇಡವೆಂದಿದ್ದ ನೊಗದ ಗುರುತಿನ ತುಂಡನ್ನು ಅಪ್ಪ ಎಸೆದಿರಲಿಲ್ಲ. ಮೂಲೆಯ ಬಲಕ್ಕೆಂದು ಒಳಗಡೆಗೆ ಹಚ್ಚಿದ್ದ. ಪೆನ್ನು ಕೈಗೆ ಕೊಟ್ಟು ಹೇಳಿದ: "ತಾತನ್ ಎಸ್ರು ಬರಿ. ಊರೆಸ್ರು ಬರಿ. ಓದಿದ್ದೀಯಲ್ಲ."

ಬರೆದೆವು. ತಾತನ ಹೆಸರು, ಅಪ್ಪನ ಹೆಸರು, ನಮ್ಮದು, ಊರು, ತಾರೀಖು. ಕೈ ನಡುಗಿತು ಎಂದರೆ ಉತ್ಪ್ರೇಕ್ಷೆಯಲ್ಲ. ಅಪ್ಪ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಇದೇನು, ಇದೇನು ಎಂದು ಕೇಳಿಕೊಂಡ. ಆಮೇಲೆ ಮೊಳೆ ಹೊಡೆದು ಮುಚ್ಚಿದ.

ಕೂಲಿ 32,000 ರೂಪಾಯಿ ಬಂತು. ಮಾತಾಡಿಕೊಂಡಷ್ಟೇ, ಬಾಕಿ ಇಲ್ಲದೆ. ಮಾಲೀಕರು ಇನ್ನೂ 5,000 ಕೊಡುತ್ತೇನೆ, ಆ ಹಳೆಯ ರಂಪಿಗೆ ಕೊಡು, ಗಾಜಿನ ಪೆಟ್ಟಿಗೆಯಲ್ಲಿ ಕಾರಿನ ಪಕ್ಕ ಇಡುತ್ತೇನೆ ಎಂದರು. ಅಪ್ಪ ಕೊಡಲಿಲ್ಲ. "ಇನ್ನೂ ಕೆಲ್ಸಕ್ ಬತ್ತೈತೆ ಸಾರ್." ಈಗ ಅಪ್ಪನಿಗೆ ಹಳೆಯ ಕಾರಿನವರಿಂದ ಆಗಾಗ ಫೋನು ಬರುತ್ತದೆ. ದರ ಒಪ್ಪಿಗೆಯಾದರೆ ಹೋಗುತ್ತಾನೆ, ಇಲ್ಲದಿದ್ದರೆ ಇಲ್ಲ. ಮೊದಲೇ ಇನ್ನೊಂದು ಕೇಳುತ್ತಾನೆ: "ಟೀ ಅಂಗ್ಡಿ ಅತ್ರ ಐತಾ?"

ಆಮೇಲೆ ಆ ಕಾರಿನ ವಿಷಯ ಒಂದು ಪತ್ರಿಕೆಯಲ್ಲಿ ಬಂತು. ಅಪ್ಪ ಮಗ ಸೇರಿ ಜೀವ ಕೊಟ್ಟ ಕಾರು ಎಂದು. ಸೀಟಿನ ಮೇಲೆ ಇಬ್ಬರೂ ನಗುತ್ತ ಕೂತ ಫೋಟೋ. ಬಡಗಿಯ ಹೆಸರೂ ಇಲ್ಲ, ನಮ್ಮದೂ ಇಲ್ಲ. ಆ ಹುಡುಗ ಫೋನು ಮಾಡಿ, ಹೆಸರು ಹೇಳಿದ್ದೆ, ಹಾಕಲಿಲ್ಲ ಎಂದು ಬೇಜಾರು ಮಾಡಿಕೊಂಡ. ನಂಬಿದೆವು. ಅಪ್ಪನಿಗೆ ಓದಿ ಹೇಳಿದಾಗ ಅವನು ಫೋಟೋವನ್ನೇ ನೋಡುತ್ತಿದ್ದ. "ಮೂಲೆ ಚೆನ್ನಾಗ್ ಕೂತೈತೆ" ಎಂದ.

ಗೆಳೆಯರೆ, ನಮ್ಮ ಪದ್ಯಗಳು ಅಲ್ಲಿ ಇಲ್ಲಿ ಅಚ್ಚಾಗಿವೆ. ಆದರೆ ನಾವು ಬರೆದದ್ದರಲ್ಲಿ ಹೆಚ್ಚು ದಿನ ಉಳಿಯುವುದು ಆ ಕಾರಿನೊಳಗಿದೆ. ಅದನ್ನು ಓದಬೇಕಾದರೆ ಸೀಟು ಬಿಚ್ಚಬೇಕು. ತೊಗಲು ಒಣಗಿ ಸೀಳುವುದಕ್ಕೆ ನಲವತ್ತು ಐವತ್ತು ವರ್ಷ ಬೇಕು. ಅವತ್ತು ಬಿಚ್ಚುವವರು ಕಾರಿನ ಮಾಲೀಕರಾಗಿರುವುದಿಲ್ಲ. ಯಾರೋ ಒಬ್ಬ ಕೆಲಸಗಾರ, ಬಹುಶಃ ನಮ್ಮಂಥದೇ ಕೇರಿಯಿಂದ ಬಂದವನು, ಮೊಳೆ ಕಿತ್ತು ತೊಗಲು ಮಗುಚುತ್ತಾನೆ. ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ: ಅವನಿಗೆ ಅಕ್ಷರ ಬರುವ ಹಾಗೆ ನೋಡಿಕೊಳ್ಳಿ.